ಜರ್ಮನಿಯಲ್ಲಿ ಪಬ್ಲಿಕ್ ಇನ್ಶೂರೆನ್ಸ್ ಬಿಡಲಿಲ್ಲ: ನಾಲ್ಕು ಜನರ ಮನೆಯ ಲೆಕ್ಕ

ಪ್ರೈವೇಟ್ ಆರೋಗ್ಯ ವಿಮೆಗೆ ಹೋಗಲು ಬೇಕಾದ ಸಂಬಳ ಮಿತಿ ದಾಟಿದ ತಕ್ಷಣ ಆಫೀಸಿನಲ್ಲಿ, ಕನ್ನಡ ಕೂಟದಲ್ಲಿ ಎಲ್ಲರದೂ ಒಂದೇ ಮಾತು: ಪ್ರೈವೇಟಿಗೆ ಹೋಗಿ, ಪಬ್ಲಿಕ್‌ನಲ್ಲಿ ಯಾಕೆ ದುಡ್ಡು ಸುರೀತೀರಿ? ಒಂಟಿಯಾಗಿರುವ 30ರ ಹುಡುಗನಿಗೆ ಆ ಮಾತು ಸರಿ. ಮನೆಯಲ್ಲಿ ಒಬ್ಬರದೇ ಸಂಬಳ, ಇಬ್ಬರು ಮಕ್ಕಳು ಅಂದರೆ ಸರಿಯಲ್ಲ. ಹಟ ಹಿಡಿದು ಪಬ್ಲಿಕ್‌ನಲ್ಲೇ ಉಳಿದೆ. ಈಗ ಲೆಕ್ಕ ನನ್ನ ಕಡೆಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

2025ರ ಅಂಕಿಗಳು ನೆನಪಿನಿಂದ. ಪ್ರೈವೇಟಿಗೆ ಹೋಗಲು ವರ್ಷಕ್ಕೆ 73,800 ಯೂರೋ ಸಂಬಳ ಬೇಕಿತ್ತು. ಪಬ್ಲಿಕ್ ಕಂತಿನ ಲೆಕ್ಕ ಮಾತ್ರ 66,150 ಯೂರೋ ಸಂಬಳದ ಮೇಲೆ ಏರುತ್ತಿರಲಿಲ್ಲ, ಅಂದರೆ ತಿಂಗಳ ಸಂಬಳ ಸುಮಾರು 5,512ಕ್ಕೆ ನಿಲ್ಲುತ್ತಿತ್ತು. ಮೂಲ ದರ ಶೇ 14.6, ಅದರ ಮೇಲೆ ಕಾಸ್ಸೆಯ (ಪಬ್ಲಿಕ್ ವಿಮಾ ಸಂಸ್ಥೆಯ) ಹೆಚ್ಚುವರಿ ಶೇ 2.5ರ ಆಸುಪಾಸು, ಅರ್ಧ ಕಂಪನಿಯದು. ಫ್ಲೇಗೆ (ಆರೈಕೆ ವಿಮೆ) ಸೇರಿಸಿದರೂ ನನ್ನ ಕೈಯಿಂದ ಹೋಗುತ್ತಿದ್ದುದು ತಿಂಗಳಿಗೆ 555-560 ಯೂರೋ. ನಾಲ್ಕೂ ಜನ ಅದರೊಳಗೇ. ಪ್ರೈವೇಟಿನಲ್ಲಿ ತಲೆಗೊಂದು ಕಂತು: ನನಗೆ 600ರ ಹತ್ತಿರ, ಹೆಂಡತಿಗೆ ಥೈರಾಯ್ಡ್ ಮಾತ್ರೆಯ ದೆಸೆಯಿಂದ ರಿಸ್ಕ್ ಹೆಚ್ಚುವರಿ ಸೇರಿ 600 ದಾಟಿತು, ಮಕ್ಕಳಿಗೆ 170-180ರಂತೆ. ಒಟ್ಟು 1,550. ಕಂಪನಿ ಕೊಡುತ್ತಿದ್ದುದು ಹೆಚ್ಚೆಂದರೆ 570. ಉಳಿದ ಸಾವಿರದ ಹತ್ತಿರ ನಮ್ಮದೇ.

ಬ್ರೋಕರ್ ತೋರಿಸುವ ಹಾಳೆಯಲ್ಲಿ ಮೊದಲ ಸಾಲು ಮಾತ್ರ ಇರುತ್ತದೆ: "ನಿಮಗೆ ತಿಂಗಳಿಗೆ 250 ಉಳಿತಾಯ." ಪ್ರೈವೇಟ್ ಪಾಲಿಸಿ ಮಾರಿದವರಿಗೆ ಒಂಬತ್ತು ತಿಂಗಳ ಕಂತಿನಷ್ಟು ಕಮಿಷನ್ ಸಿಗಬಹುದು. ಕಾನೂನು ಹಾಕಿರುವ ಮಿತಿಯೇ ಹೆಚ್ಚುಕಡಿಮೆ ಅಷ್ಟು. ನಾಲ್ಕೂ ಹೆಸರು ಬರೆದು ಕೋಟ್ ಕೇಳಿ. ಕೇಳುವಾಗ ಹೆಸರಿಲ್ಲದ ಪೂರ್ವವಿಚಾರಣೆ, ಅಂದರೆ 'ಅನೊನ್ಯೂಮೆ ರಿಸಿಕೋಫೋರ್‌ಆನ್‌ಫ್ರಾಗೆ', ಮಾಡಿಸಿ. ನೇರ ಅರ್ಜಿ ಹಾಕಿ ತಿರಸ್ಕೃತವಾದರೆ ಮುಂದಿನ ಕಂಪನಿಯ ಅರ್ಜಿಯಲ್ಲೂ ಹಿಂದೆ ತಿರಸ್ಕೃತವಾಗಿತ್ತೇ ಅನ್ನುವ ಪ್ರಶ್ನೆ ಬರುತ್ತದೆ.

ನಮ್ಮವರು ಬೀಳುವ ಇನ್ನೊಂದು ಗುಂಡಿ: ಹೆಂಡತಿ ಕೆಲಸಕ್ಕೆ ಸೇರಿ ಪಬ್ಲಿಕ್‌ನಲ್ಲಿದ್ದಾರೆ, ಗಂಡ ಪ್ರೈವೇಟ್, ಮಕ್ಕಳನ್ನು ತಾಯಿಯ ಕಡೆ ಉಚಿತವಾಗಿ ಸೇರಿಸಬಹುದು ಅಂತ ಎಣಿಕೆ. ಆಗುವುದಿಲ್ಲ. ಮದುವೆಯಾದವರಲ್ಲಿ ಪ್ರೈವೇಟ್‌ನಲ್ಲಿರುವವರ ಸಂಬಳ ಮಿತಿಗಿಂತ ಮೇಲಿದ್ದು, ಸಂಗಾತಿಗಿಂತಲೂ ಹೆಚ್ಚಿದ್ದರೆ ಮಕ್ಕಳಿಗೆ ಉಚಿತ ಕುಟುಂಬ ವಿಮೆ ಇಲ್ಲ. ಮಗು ಜ್ವರ ಬಂದು ಮಲಗಿ ನಾವು ರಜೆ ಹಾಕಿದರೆ ಸಿಗುವ ಕಿಂಡರ್‌ಕ್ರಾಂಕನ್‌ಗೆಲ್ಡ್ ಕೂಡ ಪಬ್ಲಿಕ್‌ನವರಿಗೇ: ತಂದೆತಾಯಿಗೆ ಪ್ರತಿ ಮಗುವಿಗೆ ತಲಾ 15 ದಿನ, ಕಡಿತವಾದ ನಿವ್ವಳ ಸಂಬಳದ ಶೇ 90ರಷ್ಟು. ಇಬ್ಬರಲ್ಲಿ ಯಾರ ಸರದಿಯೋ ಅವರು ಪಬ್ಲಿಕ್‌ನಲ್ಲಿರಬೇಕು, ಮಗುವೂ ಇರಬೇಕು. ಕಿಂಡರ್‌ಗಾರ್ಟನ್ ಮೊದಲ ಚಳಿಗಾಲ ಕಂಡವರಿಗೆ ಇದರ ಬೆಲೆ ಗೊತ್ತು.

ಇನ್ನು ನಾನೇ ಎಡವಿದ್ದು. ಹೆಂಡತಿಯ ಹೆಸರಿನಲ್ಲಿ ಮೈಸೂರಿನ ಮನೆ ಬಾಡಿಗೆ 40,000 ರೂಪಾಯಿ, ಎಫ್‌ಡಿ ಬಡ್ಡಿ ತಿಂಗಳಿಗೆ 20,000ದಷ್ಟು. ಜರ್ಮನಿಯಲ್ಲಿ ದುಡಿಮೆ ಇಲ್ಲ ತಾನೇ ಅಂತ ಫಾರ್ಮಿನಲ್ಲಿ ಸೊನ್ನೆ ಬರೆದೆ. ಕುಟುಂಬ ವಿಮೆಗೆ ಎಲ್ಲ ದೇಶದ ಆದಾಯವೂ ಲೆಕ್ಕಕ್ಕೆ ಬರುತ್ತದೆ. 2025ರ ಮಿತಿ ತಿಂಗಳಿಗೆ 535 ಯೂರೋ ಇತ್ತು, ನಮ್ಮದು ಯೂರೋದಲ್ಲಿ 600 ದಾಟಿತ್ತು. ಮಿತಿ ಮೀರಿದರೆ ಅವರೇ ಸ್ವಂತ ಸದಸ್ಯರಾಗಿ ತಿಂಗಳಿಗೆ ಕನಿಷ್ಠ 250ರ ಹತ್ತಿರ ಕಟ್ಟಬೇಕಿತ್ತು, ಅದೂ ಹಿಂದಿನಿಂದ ಲೆಕ್ಕ ಹಾಕಿ. ಬಚಾವಾದದ್ದು ಹೀಗೆ: ಬಡ್ಡಿಯಲ್ಲಿ ವರ್ಷಕ್ಕೆ 1,000 ಯೂರೋ ಉಳಿತಾಯದಾರರ ರಿಯಾಯಿತಿ ಕಳೆದು, ಬಾಡಿಗೆಯಲ್ಲಿ ಕಂದಾಯ, ರಿಪೇರಿ, ಕಟ್ಟಡದ ಮಾಮೂಲಿ ಸವಕಳಿ ಕಳೆದು ಕೊಟ್ಟಾಗ 450ರ ಆಸುಪಾಸಿಗೆ ಇಳಿಯಿತು. ನಗರಪಾಲಿಕೆಯ ಕಂದಾಯ ರಸೀದಿ, ಪೇಂಟರ್ ಬಿಲ್ಲು ಎಲ್ಲ ಇಟ್ಟುಕೊಳ್ಳಿ. ಕನ್ನಡ ರಸೀದಿಗೆ ಅನುವಾದ ಬೇಕಾಯಿತು.

ಕಾಸ್ಸೆ ಆರಿಸುವಾಗ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಚಿಕಿತ್ಸೆಯ ಬಹುಪಾಲು ಕಾನೂನಿನಿಂದಲೇ ಒಂದೇ. ವ್ಯತ್ಯಾಸ ಹೆಚ್ಚುವರಿ ದರದಲ್ಲಿದೆ: ಒಂದು ಶೇಕಡಾ ಹೆಚ್ಚಿದ್ದರೆ, 2025ರ ಮಿತಿಯ ಲೆಕ್ಕದಲ್ಲಿ, ವರ್ಷಕ್ಕೆ 330 ಯೂರೋ ನಿಮ್ಮ ಜೇಬಿನಿಂದ. ಸೇರಿದ ಮೇಲೆ 12 ತಿಂಗಳು ಬಿಡುವಂತಿಲ್ಲ, ಆದರೆ ದರ ಏರಿಸಿದರೆ ಆ ಅವಧಿಯೊಳಗೂ ಬಿಡಬಹುದು. ಊರಿಗೆ ಹೋಗುವವರು ಪ್ರಯಾಣದ ಲಸಿಕೆ ನೋಡಿ. ಟೈಫಾಯ್ಡ್, ಹೆಪಟೈಟಿಸ್ ಎ, ರೇಬೀಸ್ ನಾಲ್ವರಿಗೂ ಹಾಕಿಸಿದರೆ ಸಣ್ಣ ಮೊತ್ತವಲ್ಲ, ಹಲವು ಕಾಸ್ಸೆಗಳು ವಾಪಸು ಕೊಡುತ್ತವೆ.

ಒಮ್ಮೆ ಸೆಲ್ಬ್‌ಸ್ಟ್‌ಬೆಹಾಲ್ಟ್ ಟ್ಯಾರಿಫ್ ಕೂಡ ಪ್ರಯೋಗಿಸಿದೆ: ಡಾಕ್ಟರ ಖರ್ಚಿನಲ್ಲಿ ಮೊದಲ ಭಾಗ ನಾವು ಹೊರುವುದು, ಬದಲಿಗೆ ಕಾಸ್ಸೆ ಒಂದಿಷ್ಟು ಹಣ ಕೊಡುವುದು. ಮೊದಲ ವರ್ಷವೇ ಆಸ್ಪತ್ರೆ ಬಂತು, ಕೈಸೇರಿದ್ದೆಲ್ಲ ವಾಪಸು ಹೋಯಿತು. ಮೂರು ವರ್ಷ ಕಟ್ಟುಪಾಡು ಬೇರೆ. ಚಿಕ್ಕ ಮಕ್ಕಳಿರುವ ಮನೆಗೆ ಹೇಳಿ ಮಾಡಿಸಿದ್ದಲ್ಲ.

"ಪಬ್ಲಿಕ್‌ನವರಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗಲ್ಲ" ಅನ್ನುವುದು ಅರ್ಧ ನಿಜ. ಮನೆ ಡಾಕ್ಟರಿಂದ ಉಬರ್‌ವೈಸುಂಗ್ (ತಜ್ಞರ ಬಳಿ ಕಳಿಸುವ) ಚೀಟಿ ಪಡೆಯುವಾಗಲೇ ಅದರ ಮೇಲೆ ಕೋಡ್ ಹಾಕಿಸಿಕೊಂಡು ಅಪಾಯಿಂಟ್‌ಮೆಂಟ್ ಕೊಡಿಸುವ 116117 ನಂಬರಿಗೆ ಹೋಗಿ. ಸಾಮಾನ್ಯವಾಗಿ ನಾಲ್ಕು ವಾರದೊಳಗಿನ ದಿನ ಕೊಡಿಸುತ್ತಾರೆ. ಡಾಕ್ಟರನ್ನು ಆರಿಸಿಕೊಳ್ಳಲಾಗದು, ಒಂದೆರಡು ಊರು ದಾಟಬೇಕಾಗಬಹುದು. ಕೋಡ್ ಇಲ್ಲದ ಚೀಟಿ ಹಿಡಿದು ಫೋನ್ ಮಾಡಿದರೆ ಸಾಮಾನ್ಯವಾಗಿ ಅಷ್ಟು ಬೇಗ ದಿನ ಸಿಗುವುದಿಲ್ಲ, ಬಹಳ ಜನ ಅಲ್ಲೇ ಸೋಲುವುದು.

ಹಲ್ಲಿನ ವಿಚಾರದಲ್ಲಿ ಪಬ್ಲಿಕ್ ಬಡವೇ. ಹಲ್ಲಿಗೆ ಕಿರೀಟ (ಕ್ಯಾಪ್) ಹಾಕಿಸಿದರೆ ಮೂಲ ಮಟ್ಟದ ಖರ್ಚಿನ ಶೇ 60 ಮಾತ್ರ. ಪ್ರತಿ ವರ್ಷ ತಪಾಸಣೆಗೆ ಹೋಗಿ ಬೋನಸ್‌ಹೆಫ್ಟ್ ಪುಸ್ತಕಕ್ಕೆ ಮುದ್ರೆ ಹಾಕಿಸಿದ್ದರೆ ಐದು ವರ್ಷಕ್ಕೆ 70, ಹತ್ತಕ್ಕೆ 75. ಬೇರೆ ಹಲ್ಲಿನ ಪಾಲಿಸಿ ಮಾಡಿಸುವುದಾದರೆ ನೋವು ಶುರುವಾಗುವ ಮೊದಲೇ ಮಾಡಿಸಿ. ಡಾಕ್ಟರು ಶುರು ಮಾಡಿದ ಅಥವಾ ಬೇಕು ಅಂತ ಬರೆದಿಟ್ಟ ಕೆಲಸಕ್ಕೆ ಅವರು ಕೊಡುವುದಿಲ್ಲ.

ಊರಿಗೆ ಬಂದಾಗ ಜರ್ಮನಿಯ ಕಾರ್ಡು ಕೆಲಸಕ್ಕೆ ಬಾರದು. ಭಾರತ-ಜರ್ಮನಿ ಒಪ್ಪಂದ ಪಿಂಚಣಿಗೆ ಸಂಬಂಧಿಸಿದ್ದು, ಆಸ್ಪತ್ರೆ ಬಿಲ್ಲಿಗಲ್ಲ. ಇಡೀ ಕುಟುಂಬಕ್ಕೆ ವರ್ಷಕ್ಕೆ 25-30 ಯೂರೋ ಆಗುವ ವಿದೇಶ ಪ್ರಯಾಣ ಪಾಲಿಸಿ ಮಾಡಿಸಿ. ಒಂದು ಪ್ರಯಾಣಕ್ಕೆ ಎಷ್ಟು ದಿನ ಅಂತ ನೋಡಿ, ಹಲವದರಲ್ಲಿ ಆರರಿಂದ ಎಂಟು ವಾರ. ಮಕ್ಕಳನ್ನು ಎರಡೂವರೆ ತಿಂಗಳು ಅಜ್ಜಿ ಮನೆಯಲ್ಲಿ ಬಿಡುವವರು ಕೊನೆಯ ವಾರಗಳಲ್ಲಿ ಬರಿಗೈ. ಬಿಲ್ಲಿನಲ್ಲಿ ರೋಗಿಯ ಹೆಸರು, ಕಾಯಿಲೆ, ತಾರೀಖು ಇರಲೇಬೇಕು. ಬರಿಯ "ಮೆಡಿಸಿನ್ 1,850" ಅಂತ ಬರೆದ ಮೆಡಿಕಲ್ ಶಾಪಿನ ಚೀಟಿ ಎರಡು ಸಲ ವಾಪಸು ಬಂದಿತ್ತು.

ಕೊನೆಯದು, ಎಲ್ಲರೂ ದಂಡ ಅಂದದ್ದು: ಇಲ್ಲಿರುವಾಗಲೇ ಭಾರತದಲ್ಲಿ 10 ಲಕ್ಷದ ಫ್ಯಾಮಿಲಿ ಫ್ಲೋಟರ್, ಅಂದರೆ ಇಡೀ ಕುಟುಂಬಕ್ಕೆ ಒಂದೇ ಆರೋಗ್ಯ ಪಾಲಿಸಿ. ಕಂತು ವರ್ಷಕ್ಕೆ 22-24 ಸಾವಿರ, 2025ರ ಸೆಪ್ಟೆಂಬರ್ 22ರಿಂದ ಅದರ ಮೇಲೆ ಜಿಎಸ್‌ಟಿ ಇಲ್ಲ. ಬೇಕಾದದ್ದು ಚಿಕಿತ್ಸೆಯಲ್ಲ, ಕಾಯುವ ಅವಧಿ ಓಡುವುದು. ಮೊದಲೇ ಇರುವ ಕಾಯಿಲೆಗೆ 2024ರ ನಿಯಮದಂತೆ 3 ವರ್ಷಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ವಾಪಸು ಬಂದ ಮೇಲೆ ಮಾಡಿಸಿದರೆ ಆ ವರ್ಷಗಳು ಊರಲ್ಲಿ ಕಳೆಯಬೇಕು. ಪ್ರಪೋಸಲ್‌ನಲ್ಲಿ ಎನ್‌ಆರ್‌ಐ ಅಂತಲೇ ಬರೆದೆವು, ಥೈರಾಯ್ಡನ್ನೂ ಬರೆದೆವು, ಮೆಡಿಕಲ್ ಟೆಸ್ಟನ್ನು ಡಿಸೆಂಬರ್ ರಜೆಯಲ್ಲಿ ಬೆಂಗಳೂರಿನಲ್ಲೇ ಮುಗಿಸಿದೆವು. ಮೂರನೆಯ ನವೀಕರಣ ಆಗಿದೆ, ಥೈರಾಯ್ಡ್ ಈಗ ಕವರಿನೊಳಗೆ.