ಯಂತ್ರಕ್ಕಿಂತ ಮೊದಲು ಕೋಣೆ ಸರಿ ಮಾಡಿದೆವು

ನನ್ನೂರು ಧಾರವಾಡ. ಪುಣೆಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಲ್ಲ ಲ್ಯಾಬುಗಳೂ ಹಂಚಿಕೊಂಡು ಬಳಸುವ ಉಪಕರಣಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮಿದುಳಿನ ಹೋಳಿನ ವಿದ್ಯುತ್ ಸಂಕೇತ ಅಳೆಯುವ ಎರಡು ರೆಕಾರ್ಡಿಂಗ್ ರಿಗ್, ಬದುಕಿರುವ ಇಲಿಯ ಮಿದುಳಿನೊಳಗೆ ಲೇಸರಿನಿಂದ ನೋಡುವ ಒಂದು ಟು-ಫೋಟಾನ್ ಮೈಕ್ರೋಸ್ಕೋಪ್, ಪಕ್ಕದಲ್ಲೇ ಇಲಿಗಳ ಕೋಣೆ. ಐದು ಲ್ಯಾಬುಗಳ ಹುಡುಗ ಹುಡುಗಿಯರು ಇಲ್ಲಿಗೇ ಬರುತ್ತಾರೆ. ಹೊಸದೊಂದು ಕಲಿತಾಗ, ಒಂದು ಕಣ್ಣು ಮುಚ್ಚಿದಾಗ ಮಿದುಳು ತನ್ನ ಸಂಪರ್ಕಗಳನ್ನು ಹೇಗೆ ಬದಲಿಸಿಕೊಳ್ಳುತ್ತದೆ ಅನ್ನುವುದೇ ಅವರೆಲ್ಲರ ಪ್ರಶ್ನೆ.

ಅಪ್‌ಗ್ರೇಡ್‌ಗೆ ಹಣ ಮಂಜೂರಾದಾಗ ಎಲ್ಲರ ಬಾಯಲ್ಲೂ ಹೊಸ ಲೇಸರ್, ಹೊಸ ಕ್ಯಾಮೆರಾ. ನಾನು ಮಾತ್ರ ಲಾಗ್‌ಬುಕ್ ಹಿಡಿದು ಒಂದು ವಾರ ಕೂತೆ. ಆರು ತಿಂಗಳಲ್ಲಿ ಯಾವ ಯಾವ ಪ್ರಯೋಗ ಹಾಳಾಯಿತು, ಯಾಕೆ ಅಂತ ನೋಡಿದೆ. ‘ಬೇಸ್‌ಲೈನ್ ಜಾರಿತು’, ‘ನಾಯ್ಸ್’, ‘ಫೋಕಸ್ ತಪ್ಪಿತು’. ಪುಟ ತಿರುವಿದಲ್ಲೆಲ್ಲ ಇದೇ ಮಾತು. ಯಂತ್ರ ಹಳೆಯದಾಗಿ ಕೆಟ್ಟದ್ದು ಕಡಿಮೆ. ಕೋಣೆ ಸರಿಯಿಲ್ಲದೆ ಕೆಟ್ಟದ್ದೇ ಜಾಸ್ತಿ.

ಈ ಕೆಲಸದಲ್ಲಿ ಅದಕ್ಕೊಂದು ಕಾರಣವಿದೆ. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಎಂಬ ಇಬ್ಬರು ವಿಜ್ಞಾನಿಗಳು ಮೊಲದ ಮಿದುಳಿನ ನೆನಪಿನ ಭಾಗವಾದ ಹಿಪೊಕ್ಯಾಂಪಸ್‌ನಲ್ಲಿ ಒಂದು ಸಂಗತಿ ತೋರಿಸಿದರು. ನರತಂತುಗಳನ್ನು ಸ್ವಲ್ಪ ಹೊತ್ತು ವಿದ್ಯುತ್ತಿನಿಂದ ಬಿರುಸಾಗಿ ಕೆಣಕಿದರೆ, ಆಮೇಲೆ ಗಂಟೆಗಟ್ಟಲೆ ಅದೇ ಸಂಪರ್ಕ ಮೊದಲಿಗಿಂತ ಜೋರಾಗಿ ಉತ್ತರ ಕೊಡುತ್ತದೆ. ನಾವು ಇಲಿಯ ಮಿದುಳಿನ ತೆಳು ಹೋಳಿನಲ್ಲಿ ನೋಡುವುದೂ ಅದನ್ನೇ. ಹೋಳಿನ ದಪ್ಪ 300ರಿಂದ 400 ಮೈಕ್ರಾನ್. ಶೇಕಡಾ 95 ಆಮ್ಲಜನಕ, ಶೇಕಡಾ 5 ಇಂಗಾಲದ ಡೈಆಕ್ಸೈಡ್ ಗುಳ್ಳೆ ಹಾಯಿಸಿದ ಉಪ್ಪುನೀರು ಅದರ ಮೇಲೆ ಹರಿಯುತ್ತಲೇ ಇರಬೇಕು. ಕೆಣಕುವ ಮೊದಲು ಕನಿಷ್ಠ 20 ನಿಮಿಷ ಗ್ರಾಫಿನ ಗೆರೆ, ಅಂದರೆ ಬೇಸ್‌ಲೈನ್, ಸಮನಾಗಿ ಹೋಗಬೇಕು. ಅದೇ ಏರಿಳಿಯುತ್ತಿದ್ದರೆ, ಬದಲಾದದ್ದು ಮಿದುಳೋ ಕೋಣೆಯೋ ಹೇಳುವುದು ಹೇಗೆ?

ಮೊದಲು ನಾಯ್ಸ್, ಅಂದರೆ ಅಳತೆಯಲ್ಲಿ ಬೆರೆಯುವ ಬೇಡದ ಸಂಕೇತ. ನಾವು ಅಳೆಯುವ ಸಂಕೇತ ಒಂದು ಮಿಲಿವೋಲ್ಟ್ ಮುಟ್ಟಿದರೆ ಅದೇ ದೊಡ್ಡದು. ಗೋಡೆಯಲ್ಲಿ ಹರಿಯುವುದು 230 ವೋಲ್ಟ್. ಪರದೆಯ ಮೇಲೆ 20 ಮಿಲಿಸೆಕೆಂಡಿಗೊಂದು ಅಲೆ ಏಳುತ್ತಿತ್ತು. 50 ಹರ್ಟ್ಸ್ ಕರೆಂಟಿನ ಗುರುತು ಅದು. ಆಂಪ್ಲಿಫೈಯರ್ ಬದಲಿಸಬೇಕು ಅಂತ ಕೆಲವರು ಕೊಟೇಶನ್ನನ್ನೂ ತರಿಸಿದ್ದರು. ವಿಜಯಪುರ ಕಡೆಯ ಎಲೆಕ್ಟ್ರಿಶಿಯನ್ ಅಣ್ಣ ಒಬ್ಬರು ನಮ್ಮ ಕಟ್ಟಡಕ್ಕೆ ಬರುತ್ತಾರೆ. ಅವರನ್ನು ಕರೆದು ತೋರಿಸಿದೆ. ಮಧ್ಯಾಹ್ನವೆಲ್ಲ ಪ್ಯಾನೆಲ್ ಬಿಚ್ಚಿ ನೋಡಿದರು.

“ಅಕ್ಕಾರ, ನಿಮ್ಮ ಅರ್ಥಿಂಗ್ ಲಿಫ್ಟಿನ ಜೋಡಿ ಕೂಡೇದ ನೋಡ್ರಿ. ಮಷಿನ್ ಎಷ್ಟ ಹೊಸಾದು ತಂದ್ರೂ ಇದು ಹೋಗಂಗಿಲ್ರಿ.”

“ಬ್ಯಾರೆ ತಗ್ಗು ತೋಡಾಕ ಬರ್ತದೇನ್ರಿ ಅಣ್ಣಾ?”

“ಯಾಕ ಬರಂಗಿಲ್ರಿ? ಎರಡ ದಿನದ ಕೆಲಸ.”

ಕಟ್ಟಡದ ಹಿಂದೆ ತಗ್ಗು ತೋಡಿ, ಇದ್ದಿಲು ಉಪ್ಪು ಪದರ ಪದರವಾಗಿ ತುಂಬಿ, ಪ್ಲೇಟ್ ಹೂತು, ರಿಗ್‌ಗಳಿಗೆ ಬೇರೆ ಅರ್ಥಿಂಗ್ ಎಳೆದರು. ಸುರಕ್ಷತೆಯ ನಿಯಮದಂತೆ ಅದನ್ನು ಮುಖ್ಯ ಪ್ಯಾನೆಲ್ಲಿನಲ್ಲಿ ಒಂದೇ ಕಡೆ ಜೋಡಿಸಿದರು. ಒಳಗೆ ನಾವು ಪಂಪು, ಹೀಟರು, ಕ್ಯಾಮೆರಾ, ಹೊರಗಿನ ನಾಯ್ಸ್ ತಡೆಯಲು ರಿಗ್ ಸುತ್ತ ಇರುವ ತಂತಿ ಪಂಜರ ಎಲ್ಲದರ ಅರ್ಥ್ ವೈರನ್ನೂ ಒಂದೇ ತಾಮ್ರದ ಪಟ್ಟಿಗೆ ತಂದೆವು. ಒಂದರಿಂದ ಇನ್ನೊಂದಕ್ಕೆ ಸುತ್ತು ಹೊಡೆಯಬಾರದು, ಎಲ್ಲ ಒಂದೇ ಬಿಂದುವಿಗೆ ಬರಬೇಕು. ಅಲೆ ಹೆಚ್ಚುಕಡಿಮೆ ಮಾಯವಾಯಿತು.

ಉಳಿದ ಚೂರುಪಾರು ನಾಯ್ಸ್ ಬೆಳ್ಳಿಯ ತಂತಿಯದು. ಹೋಳಿನ ನೀರಿನಲ್ಲಿ ಮುಳುಗುವ ಆ ತಂತಿಯ ಮೇಲೆ ಬೆಳ್ಳಿ ಕ್ಲೋರೈಡಿನ ಲೇಪ ಇರಬೇಕು. ಬ್ಲೀಚಿನಲ್ಲಿ ಅದ್ದಿಟ್ಟರೆ ಹೊಳಪು ಹೋಗಿ ಮಂಕಾದ ಬೂದು ಬಣ್ಣಕ್ಕೆ ತಿರುಗುತ್ತದೆ. ದಿನ ಕಳೆದಂತೆ ಲೇಪ ಸವೆದು ತಂತಿ ಮತ್ತೆ ಫಳಫಳ ಹೊಳೆಯುತ್ತದೆ, ಗೆರೆ ಜಾರಲು ಶುರುವಾಗುತ್ತದೆ. ಹೊಳೆಯುವ ತಂತಿ ಕೆಟ್ಟ ತಂತಿ ಅಂತ ಪ್ರತಿ ಹೊಸ ವಿದ್ಯಾರ್ಥಿಗೂ ಕೈಯಲ್ಲಿ ಕೊಟ್ಟು ತೋರಿಸುತ್ತೇನೆ. ಈಗ ಪ್ರತಿ ಸೋಮವಾರ ಬೆಳಿಗ್ಗೆ ತಂತಿಗಳಿಗೆ ಬ್ಲೀಚ್.

ಬೇಸ್‌ಲೈನ್ ಜಾರುವುದಕ್ಕೆ ಇನ್ನೊಂದು ಕಾರಣ ಎ.ಸಿ. ಹೋಳು ಇಡುವ ಚೇಂಬರಿನಲ್ಲಿ ಒಂದು ಥರ್ಮಾಮೀಟರ್, ರಿಗ್ ಪಕ್ಕದಲ್ಲಿ ಇನ್ನೊಂದು ಇಟ್ಟು ರಾತ್ರಿಯಿಡೀ ಬಿಟ್ಟೆ. ಕಂಪ್ರೆಸರ್ ಆನ್ ಆದಾಗಲೆಲ್ಲ 32 ಡಿಗ್ರಿಯ ನೀರು ತಣ್ಣಗಾಗುತ್ತಿತ್ತು, ಆಫ್ ಆದರೆ ಬಿಸಿ. ತಣ್ಣಗಿನ ಗಾಳಿ ನೇರವಾಗಿ ಮೇಜಿನ ಮೇಲೆ ಬೀಳುತ್ತಿತ್ತು, ಅಷ್ಟೇ. ಗಾಳಿಯ ದಿಕ್ಕು ಗೋಡೆ ಕಡೆ ತಿರುಗಿಸಿದೆವು. ಚೇಂಬರಿಗೆ ಒಳಹೋಗುವ ನೀರನ್ನೇ ಅಳೆದು ಬಿಸಿ ಮಾಡುವ ಹೀಟರ್ ಕೊಂಡೆವು. ಹೊಸ ಕ್ಯಾಮೆರಾಗೆ ಇಟ್ಟ ದುಡ್ಡಿನಲ್ಲಿ ಇದು ತೀರಾ ಸಣ್ಣ ಪಾಲು.

ಇಲಿಗಳ ಕೋಣೆಯ ವಿಷಯ ನನಗೆ ತುಂಬಾ ಹತ್ತಿರದ್ದು. ಹುಟ್ಟಿದಾಗಿನಿಂದ ಕತ್ತಲಲ್ಲೇ ಬೆಳೆದ ಇಲಿಯಲ್ಲಿ, ಒಂದು ಕಣ್ಣು ಮುಚ್ಚಿದರೆ ಮಿದುಳು ಇನ್ನೊಂದು ಕಣ್ಣಿನ ಕಡೆ ಸುಲಭವಾಗಿ ವಾಲುವ ವಯಸ್ಸು ಮುಂದಕ್ಕೆ ಹೋಗುತ್ತದೆ. ಮಾಮೂಲಿ ಬೆಳಕಿನಲ್ಲಿ ಬೆಳೆದ ಇಲಿಗೆ ಆ ವಯಸ್ಸು ಸುಮಾರು ನಾಲ್ಕು ವಾರ. ಹಾಗಾಗಿ ಕತ್ತಲೆ ಅಂದರೆ ಪೂರ್ತಿ ಕತ್ತಲೆ ಬೇಕು. ಬಾಗಿಲು ಹಾಕಿಕೊಂಡು ಕತ್ತಲ ಕೋಣೆಯೊಳಗೆ ಅರ್ಧ ಗಂಟೆ ಸುಮ್ನೆ ನಿಂತೆ. ಕಣ್ಣು ಹೊಂದಿಕೊಂಡ ಮೇಲೆ ಮೂಲೆಯಲ್ಲಿ ಹಸಿರು ಚುಕ್ಕೆ ಕಂಡಿತು. ತೇವಾಂಶ ಅಳೆಯುವ ಪೆಟ್ಟಿಗೆಯ ಎಲ್‌ಇಡಿ. ಬಾಗಿಲ ಕೆಳಗೆ ಎಳೆಯಷ್ಟು ಬೆಳಕು ಬೇರೆ. ಎಲ್‌ಇಡಿ ಮೇಲೆ ಕಪ್ಪು ಟೇಪು, ಬಾಗಿಲಿಗೆ ರಬ್ಬರ್ ಪಟ್ಟಿ, ಹೊರಗೆ ಇನ್ನೊಂದು ಬಾಗಿಲು. ಈ ಬದಲಾವಣೆಗಳನ್ನು ಪ್ರಾಣಿ ಪ್ರಯೋಗದ ನೈತಿಕ ಸಮಿತಿಗೆ ತಿಳಿಸಿ, ಒಪ್ಪಿಗೆ ಪಡೆದೇ ಮಾಡಿದೆವು. ಅಲ್ಲಿಯವರೆಗೆ ಅದೇ ಕೋಣೆ ನಂಬಿ ವರ್ಷ ಕಳೆದ ಹುಡುಗಿಯೊಬ್ಬಳು ನನ್ನೆದುರು ಅತ್ತಿದ್ದಳು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಬುಕಿಂಗ್ ಕೂಡ ಬದಲಿಸಿದೆವು. ಮೊದಲು ಎಲ್ಲರಿಗೂ ಎರಡೆರಡು ಗಂಟೆ. ಆದರೆ ಕತ್ತರಿಸಿದ ಹೋಳು ಚೇತರಿಸಿಕೊಳ್ಳಲೇ ಒಂದು ಗಂಟೆಗಿಂತ ಹೆಚ್ಚು ಬೇಕು, ರೆಕಾರ್ಡಿಂಗ್ ಮತ್ತೆ ಮೂರು ಗಂಟೆ. ಈಗ ರಿಗ್ ಒಬ್ಬರಿಗೆ ಇಡೀ ದಿನ. ಮೈಕ್ರೋಸ್ಕೋಪಿಗೆ ಬೇರೆ ಲೆಕ್ಕ. ಅಲ್ಲಿ ಬದುಕಿರುವ ಇಲಿಯ ಅದೇ ನರಕೋಶದ ಅದೇ ಮುಳ್ಳುಗಳನ್ನು (ಬೇರೆ ಕೋಶಗಳ ಜೊತೆ ಸಂಪರ್ಕ ಆಗುವ ಸಣ್ಣ ಮೊನೆಗಳನ್ನು) ಕೆಲವು ದಿನ ಬಿಟ್ಟು ಮತ್ತೆ ಮತ್ತೆ ನೋಡಬೇಕು. ಒಂದೊಂದು ಮುಳ್ಳಿನ ತಲೆ ಒಂದು ಮೈಕ್ರಾನೋ ಅದಕ್ಕಿಂತ ಕಡಿಮೆಯೋ. ಮೊದಲ ದಿನ ಬುಕ್ ಮಾಡುವಾಗಲೇ ಕೊನೆಯ ದಿನದವರೆಗಿನ ಸರಣಿ ಸಿಗಬೇಕು, ಮಧ್ಯೆ ಯಾರೂ ನುಗ್ಗುವಂತಿಲ್ಲ. ಹಿರಿಯ ಪ್ರೊಫೆಸರುಗಳನ್ನು ಒಪ್ಪಿಸಲು ಮೂರು ಮೀಟಿಂಗ್ ಬೇಕಾಯಿತು. ಲೇಸರ್ ಹಳೆಯದೇ ಇದೆ. ಬೆಳಿಗ್ಗೆ ಲೆನ್ಸಿನ ಕೆಳಗೆ ಎಷ್ಟು ಶಕ್ತಿ ಬರುತ್ತಿದೆ ಅಂತ ಅಳೆದು ಬರೆದಿಡುವುದರಿಂದ ಇವತ್ತಿನ ಚಿತ್ರವನ್ನು ಹೋದ ವಾರದ್ದರ ಜೊತೆ ಇಟ್ಟು ನೋಡಬಹುದು.

ಪುಣೆಯ ಮಳೆ ಶುರುವಾದರೆ ಲೆನ್ಸುಗಳಿಗೆ ಬೂಷ್ಟು ಹಿಡಿಯುತ್ತದೆ. ಈ ಸಲ ಮೇ ಕೊನೆಯಲ್ಲೇ ಎಲ್ಲ ಲೆನ್ಸು ಒಣ ಪೆಟ್ಟಿಗೆಗೆ ಹೋದವು. ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿಗೆ ತಿರುಗಿದ ದಿನ ಬದಲಿಸಬೇಕು. ಆ ಚೀಟಿ ಪೆಟ್ಟಿಗೆ ಮೇಲೆ ಮರಾಠಿಯಲ್ಲೂ ಕನ್ನಡದಲ್ಲೂ ಅಂಟಿಸಿದ್ದೇನೆ.