ಗೋದಾಮಿನಲ್ಲಿ ನಡಿಗೆ ಕಡಿಮೆ ಮಾಡುವುದು ಹೇಗೆ?

ಗೋದಾಮಿನಲ್ಲಿ ಆರ್ಡರ್‌ನ ಸರಕು ಎತ್ತುವವರ ಹೊತ್ತಿನ ದೊಡ್ಡ ಪಾಲು ಟ್ರಾಲಿ ತಳ್ಳಿಕೊಂಡು ನಡೆಯುವುದಕ್ಕೇ ಹೋಗುತ್ತದೆ. ಸಾಫ್ಟ್‌ವೇರ್ ಕೊಳ್ಳುವ ಮೊದಲು ಅಳತೆ ಟೇಪು, ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ.

ಮೊದಲು ನಕ್ಷೆ ಬರೆದು, ಪ್ರತಿ ಜಾಗಕ್ಕೂ ನಂಬರ್ ಕೊಡಿ. 03-17-2 ಎಂದರೆ 3ನೇ ಓಣಿ (ಕಪಾಟುಗಳ ನಡುವಿನ ದಾರಿ), ಅದರ ಬಾಯಿಂದ 17ನೇ ಮೀಟರ್, ಕಪಾಟಿನ ಕೆಳಗಿನಿಂದ 2ನೇ ಅಂತಸ್ತು.

ಒಂದು ದಿನಸಿ ಗೋದಾಮು ಎಂದುಕೊಳ್ಳಿ. 6 ಓಣಿ, ತಲಾ 20 ಮೀಟರ್ ಉದ್ದ, ಓಣಿಯಿಂದ ಓಣಿಗೆ 4 ಮೀಟರ್. ಎರಡೂ ತುದಿಯಲ್ಲಿ ಅಡ್ಡದಾರಿ. ಪ್ಯಾಕಿಂಗ್ ಟೇಬಲ್ 1ನೇ ಓಣಿಯ ಬಾಯಲ್ಲಿ. ಆರ್ಡರ್‌ನ ಸರಕು 1ನೇ ಓಣಿಯ 3ನೇ ಮೀಟರ್‌ನಲ್ಲಿ, 3ನೇ ಓಣಿಯ 4 ಮತ್ತು 17ರಲ್ಲಿ, 4ನೇ ಓಣಿಯ 5ರಲ್ಲಿ, 6ನೇ ಓಣಿಯ 6ರಲ್ಲಿ ಇದೆ.

ಒಂದು ಓಣಿ ಹೊಕ್ಕು ಆ ತುದಿಗೆ ಹೊರಟು, ಮುಂದಿನದರಲ್ಲಿ ಇತ್ತ ಬರುವುದು ಹಾವಿನ ನಡೆ. ಅದಕ್ಕೆ 120 ಮೀಟರ್. ಹೊಕ್ಕ ಬಾಯಿಂದಲೇ ವಾಪಸ್ ಬಂದರೆ 102. ಎರಡನ್ನೂ ಬೆರೆಸಿ, 3ರಲ್ಲಿ ಆ ತುದಿಗೆ ಹೋಗಿ 4ರಲ್ಲಿ ಇತ್ತ ಬಂದು, 1 ಮತ್ತು 6ರಲ್ಲಿ ಮಾತ್ರ ಹೋಗಿ ತಿರುಗಿದರೆ 98. ಓಣಿ ಓಣಿಗೂ ಹತ್ತಾರು ಐಟಂ ಇದ್ದ ದಿನ ಮಾತ್ರ ಹಾವಿನ ನಡೆಯೇ ವಾಸಿ.

ಈಗ ಆ 17ನೇ ಮೀಟರ್‌ನ ಡಬ್ಬವನ್ನು 3ನೇ ಮೀಟರ್‌ಗೆ ತನ್ನಿ. ಹೋಗಿ ತಿರುಗಿದರೆ ಒಟ್ಟು 76! ದಾರಿ ತಿದ್ದಿ ಉಳಿಸಿದ್ದು 22 ಮೀಟರ್, ಒಂದು ಡಬ್ಬ ಸರಿಸಿ ಮತ್ತೆ 22. ಹಾಗಾಗಿ ದಾರಿಗಿಂತ ಮೊದಲು ಜಾಗ ನೋಡಿ. ಯಾವುದನ್ನು ಮುಂದೆ ತರಬೇಕು? ಮಾರಾಟದ ಪ್ರಮಾಣ ನೋಡಿ ಮೋಸಹೋಗುವವರೇ ಹೆಚ್ಚು. 40 ಪೆಟ್ಟಿಗೆ ಒಂದೇ ಆರ್ಡರ್‌ನಲ್ಲಿ ಹೋದರೆ ಅಲ್ಲಿಗೆ ಹೋಗಿಬರುವ ಸರದಿ ಒಂದೇ. ಕಳೆದ ತಿಂಗಳು ಎಷ್ಟು ಆರ್ಡರ್‌ಗಳಲ್ಲಿ ಆ ಐಟಂ ಬಂತು ಎಂದು ಎಣಿಸಿ. ಓಡುವ ಸರಕನ್ನೆಲ್ಲ 1ನೇ ಓಣಿಗೇ ತುಂಬಿದರೆ ಟ್ರಾಲಿಗೆ ಟ್ರಾಲಿ ಅಡ್ಡ. ಎಲ್ಲ ಓಣಿಗಳ ಬಾಯಿಗೂ ಹಂಚಿ, ಸೊಂಟದಿಂದ ಭುಜದೆತ್ತರದೊಳಗೆ ಇಡಿ.

ಭಾರದ ಲೆಕ್ಕವೂ ಇದೆ: ಸಕ್ಕರೆ, ಎಣ್ಣೆ ಮೊದಲ ಓಣಿಗಳಲ್ಲಿ, ಹಪ್ಪಳ ಕೊನೆಯಲ್ಲಿ. ತಿರುವುಮುರುವಾದರೆ ಟ್ರಾಲಿಯ ತಳದಲ್ಲಿ ಹಪ್ಪಳ ಪುಡಿ.

ಕೊನೆಗೆ ಪಿಕ್ ಲಿಸ್ಟ್, ಅಂದರೆ ಎತ್ತಬೇಕಾದ ಸರಕಿನ ಪಟ್ಟಿ. ಹಾವಿನ ನಡೆಗೆ ಬೆಸ ಓಣಿಯಲ್ಲಿ ಮೀಟರ್ ನಂಬರ್ ಏರಿಕೆ, ಸಮ ಓಣಿಯಲ್ಲಿ ಇಳಿಕೆ ಎಂದು ಎಕ್ಸೆಲ್‌ನಲ್ಲಿ ಹಾಕಿಬಿಟ್ಟರೆ ಮೇಲಿನ ಆರ್ಡರ್‌ನಲ್ಲೇ ಎಡವುತ್ತದೆ. 2ರಲ್ಲಿ ಕೆಲಸವಿಲ್ಲ; 1ನ್ನು ದಾಟಿದವರು 3ನ್ನು ಹಿಂಬದಿಯಿಂದ ಹೊಗುತ್ತಾರೆ, ಪಟ್ಟಿ ಮಾತ್ರ 4, ಆಮೇಲೆ 17 ಎನ್ನುತ್ತದೆ. ಓಣಿಯ ನಂಬರ್ ಬಿಟ್ಟು, ಆ ಆರ್ಡರ್‌ನಲ್ಲಿ ಅದು ಎಷ್ಟನೇ ಓಣಿ ಎಂಬುದಕ್ಕೆ ತಕ್ಕಂತೆ ದಿಕ್ಕು ತಿರುಗಿಸಿ.