ಗೋಕರ್ಣದಿಂದ ಪ್ಯಾರಡೈಸ್ ಬೀಚಿಗೆ ಗುಂಪಾಗಿ ನಡೆಯುವುದು ಹೇಗೆ?

ಗೋಕರ್ಣದಿಂದ ಕುಡ್ಲೆ, ಓಂ, ಹಾಫ್ ಮೂನ್ ಬೀಚುಗಳನ್ನು ದಾಟಿ ಪ್ಯಾರಡೈಸ್ ಬೀಚ್ ಸೇರುವ ಈ ನಡಿಗೆಗೆ ಡಿಸೆಂಬರ್, ಜನವರಿ ಒಳ್ಳೆಯ ಕಾಲ. ಎಂಟು ಜನ ಸಾಕು; ದಾರಿ ಬಲ್ಲವರೊಬ್ಬರು ಮುಂದೆ, ಇನ್ನೊಬ್ಬರು ಕಟ್ಟಕಡೆಗೆ. ತಲಾ 3 ಲೀಟರ್ ನೀರು ಬೇಕೇ ಬೇಕು. ಬ್ಯಾಗು 7 ಕೆ.ಜಿ. ಮೀರದಿರಲಿ.

ಜನ ಬೀಳುವುದು ಹೆಚ್ಚಾಗಿ ಇಳಿಜಾರಿನಲ್ಲಿ. ಜಂಬಿಟ್ಟಿಗೆಯ ಸಡಿಲ ಹರಳು ಕಾಲಡಿ ಗೋಲಿಯಂತೆ ಉರುಳುತ್ತದೆ. ಪಾದ ಅಡ್ಡವಾಗಿಟ್ಟು ಸಣ್ಣ ಹೆಜ್ಜೆಯಲ್ಲಿ ಇಳಿಯಿರಿ. ಮರಳು ಹೊಕ್ಕ ಒದ್ದೆ ಕಾಲುಚೀಲ ಹಿಮ್ಮಡಿ ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ಒಣಗಿದ ಇನ್ನೊಂದು ಜೊತೆ ಪ್ಲಾಸ್ಟಿಕ್ ಕವರಿನಲ್ಲಿರಲಿ.

ಅಲೆ ಬಡಿಯುವ ಬಂಡೆಗಳ ಮೇಲೆ ಅಡ್ಡದಾರಿ ಹಿಡಿಯಲೇಬೇಡಿ: ಪಾಚಿ ಜಾರುತ್ತದೆ, ಸಮುದ್ರದ ನೀರು ಉಬ್ಬಿ ಬಂದರೆ ಹಿಂದಿನ ದಾರಿಯೂ ಮುಚ್ಚುತ್ತದೆ. ಮರಳಲು ದೋಣಿಯನ್ನೇ ನಂಬಿ ಕೂರಬೇಡಿ, ಸಮುದ್ರ ಕೆಟ್ಟರೆ ಅದು ಬರುವುದಿಲ್ಲ. ನಡೆದೇ ಮರಳುವುದಾದರೆ ಮಧ್ಯಾಹ್ನ 3ಕ್ಕೆ ಹೊರಡಿ.